ಮಲೆನಾಡಿನ ಮನೆಗೆ ನೆರಳಿನ ಮರ: ಗುಲ್‌ಮೊಹರ್, ಹಲಸು, ಹೊಂಗೆ, ರೆಂಜೆ

ನೆರಳಿಗೆ ಯಾವ ಮರ ಒಳ್ಳೆಯದು ಎಂದು ಕೇಳಿದರೆ ಬಯಲುಸೀಮೆಯವರು ಬೇಸಿಗೆಯನ್ನು ನೆನೆದು ಉತ್ತರಿಸುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಆಷಾಢವನ್ನೂ ನೆನೆಯಬೇಕು. ನಮಗೆ ನೆರಳು ಬೇಕಿರುವುದು ಫೆಬ್ರವರಿಯಿಂದ ಮೇ ತಿಂಗಳವರೆಗೆ. ಜೂನ್ ಬಂತೆಂದರೆ ಅದೇ ಮರ ಗಾಳಿಗೆ ತೂಗಾಡುತ್ತದೆ, ಹಂಚಿನ ಮೇಲೆ ಹಗಲೂ ರಾತ್ರಿ ಹನಿಯುತ್ತದೆ, ಗೋಡೆಗೆ ಬೆಳಕು ತಾಗಗೊಡದೆ ಹಾವಸೆ ಬೆಳೆಸುತ್ತದೆ. ಬೇಸಿಗೆಯ ಸುಖಕ್ಕಾಗಿ ನೆಟ್ಟ ಮರ ಮಳೆಗಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದೇ ಈ ಹೋಲಿಕೆಯ ಅಳತೆಗೋಲು. ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಮೇಲ್ಭಾಗದಲ್ಲಿದೆ. ಈ ನಾಲ್ಕೂ ಜಾತಿಗಳು ನಮ್ಮ ಹಿತ್ತಿಲು, ಅಂಗಳದ ಸುತ್ತಲೇ ಬೆಳೆದಿವೆ.

ಗುಲ್‌ಮೊಹರ್ ವಿಷಯ ಬೇಗ ಮುಗಿಯುತ್ತದೆ. ಮಡಗಾಸ್ಕರ್ ಮೂಲದ ಈ ಮರ ಬೇಗ ಬೆಳೆಯುತ್ತದೆ, ಕೊಡೆ ಬಿಚ್ಚಿದ ಹಾಗೆ ಹರಡುತ್ತದೆ, ಮೇ ತಿಂಗಳ ಹೂವಿಗಂತೂ ಎದುರಿಲ್ಲ. ಆದರೆ ಬಿಸಿಲು ಏರತೊಡಗಿದ ಮಾರ್ಚ್ ತಿಂಗಳಲ್ಲಿ ಅದು ಎಲೆ ಕಳೆದುಕೊಂಡು ಬೋಳಾಗಿ ನಿಂತಿರುತ್ತದೆ. ಬೇರು ಮೇಲುಮೇಲಕ್ಕೆ ಹರಿಯುತ್ತದೆ, ಕೊಂಬೆ ಪೆಡಸು. ಅಪ್ಪ ಹಾಕಿಸಿದ್ದ ಮರದ ದೊಡ್ಡ ಕವಲೊಂದು ಪುನರ್ವಸು ಮಳೆಯ ಗಾಳಿಗೆ ಸೀಳಿ, ಕೊಟ್ಟಿಗೆಯ ಮಾಡಿನ ಮೇಲೆ ಬಿತ್ತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಅದರ ಎಲೆಗಳು ಮಾಡಿನ ದೋಣಿಯಲ್ಲಿ ಕೂತು ಕೊಳೆತು ನೀರು ಕಟ್ಟುವ ಕಾಟ ಬೇರೆ. ರಸ್ತೆ ಬದಿಯಲ್ಲಿ, ಶಾಲೆಯ ಮೈದಾನದ ಅಂಚಿನಲ್ಲಿ ಇರಲಿ. ಮನೆಯ ಹತ್ತಿರ ಬೇಡ.

ಹಲಸು ಇದಕ್ಕೆ ತದ್ವಿರುದ್ಧ. ಮರ ಗಟ್ಟಿ, ವರ್ಷವಿಡೀ ಹಸಿರು, ನೆರಳು ದಟ್ಟ. ಏಪ್ರಿಲ್ ಮಧ್ಯಾಹ್ನ ಅದರ ಬುಡದಲ್ಲಿ ಕೂತವರಿಗೆ ಮನೆಯೊಳಗೆ ಹೋಗಲು ಮನಸ್ಸಾಗುವುದಿಲ್ಲ. ಬಕ್ಕೆ ಹಲಸಾದರೆ ಹಪ್ಪಳ, ಕಡುಬು, ಬೇಳೆ ಎಲ್ಲಕ್ಕೂ ಆಯಿತು. ತೊಂದರೆ ಎರಡು. ಮೊದಲನೆಯದು ಮಂಗಗಳು. ಕಾಯಿ ಬಲಿಯುವ ಹೊತ್ತಿಗೆ ಹಿಂಡು ಬಂದು ಮರದಿಂದ ಮಾಡಿಗೆ, ಮಾಡಿನಿಂದ ಮರಕ್ಕೆ ಹಾರುತ್ತವೆ. ಹಂಚು ಒಡೆಯುವುದು ಮಳೆ ಹಿಡಿಯುವುದಕ್ಕೆ ಸರಿಯಾಗಿ ಮುಂಚೆ. ಎರಡನೆಯದು ಮಳೆಗಾಲದ ಕತ್ತಲೆ. ಎಲೆ ಉದುರಿಸದ ಮರ ಜುಲೈ ತಿಂಗಳಲ್ಲೂ ಅಷ್ಟೇ ದಟ್ಟವಾಗಿರುವುದರಿಂದ ಅದರ ಬದಿಯ ಗೋಡೆ ದೀಪಾವಳಿಯವರೆಗೂ ಆರುವುದಿಲ್ಲ. ಇನ್ನೊಂದು ಎಚ್ಚರ: ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೋಡಿದರೆ ಕೆಳಗಿನ ಗಟ್ಟಿ ಪದರದಲ್ಲಿ ನೀರು ನಿಲ್ಲುತ್ತದೆ. ಹಲಸಿನ ಬೇರು ನಿಂತ ನೀರನ್ನು ತಾಳುವುದಿಲ್ಲ. ಇಳಿಜಾರಿನಲ್ಲಿ, ಮನೆಯಿಂದ 40 ಅಡಿಯಾಚೆ ಹಾಕಿದರೆ ಹಲಸಿನಷ್ಟು ಉಪಕಾರಿ ಮರ ಇನ್ನೊಂದಿಲ್ಲ.

ಹೊಂಗೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಇದು ಶಿವಮೊಗ್ಗದಿಂದ ಆಚೆ, ಬಯಲುಸೀಮೆಯ ಮರ ಎಂದು ನಮ್ಮ ಕಡೆ ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಮರಕ್ಕೆ ನೀರಿನ ಭಯವಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಹಣ್ಣಾಗಿ ಉದುರುತ್ತದೆ. ನೋಡನೋಡುತ್ತಿದ್ದಂತೆ ಎಣ್ಣೆ ಸವರಿದಂಥ ಎಳೆ ಚಿಗುರು ಬಂದು, ಬಿಸಿಲು ಬಲಿಯುವಷ್ಟರಲ್ಲಿ ಮರ ಮತ್ತೆ ತುಂಬಿಕೊಂಡಿರುತ್ತದೆ. ಯುಗಾದಿ ಕಳೆದ ಮೇಲೆ ಬಿಳಿ, ತಿಳಿನೇರಳೆ ಹೂ ಉದುರಿ ಬುಡದ ನೆಲವೇ ಕಾಣುವುದಿಲ್ಲ. ಬೆಳಗ್ಗೆ ಅಂಗಳ ಗುಡಿಸುವಾಗ ತಲೆಯ ಮೇಲೆ ಜೇನುಹುಳುಗಳ ಮೊರೆತ ನಿಂತೇ ಇರುವುದಿಲ್ಲ. ಎಲೆಗಳ ಮೇಲೆ ಗಂಟುಗಂಟು ಎದ್ದು ಮರ ಸೊರಗಿದಂತೆ ಕಾಣುವುದುಂಟು. ಅದು ನುಸಿಯ ಕೆಲಸ, ಮರಕ್ಕೆ ಅದರಿಂದ ಅಪಾಯವಾದದ್ದನ್ನು ನಾನು ನೋಡಿಲ್ಲ.

ಆದರೆ ಹೊಂಗೆಗೆ ನಾನು ಮೊದಲ ಸ್ಥಾನ ಕೊಡುವುದು ಅದರ ನೆರಳಿಗಾಗಿ ಅಲ್ಲ, ಆ ನೆರಳನ್ನು ಬೇಡದಾಗ ತೆಗೆದುಹಾಕಬಹುದು ಎಂಬುದಕ್ಕೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಕತ್ತಿ ಹಿಡಿದು ರೆಂಬೆಗಳನ್ನು ಸವರಿಸಿಬಿಡುತ್ತೇವೆ. ಗಾಳಿಗೆ ಹಿಡಿತ ಸಿಗುವುದಿಲ್ಲ, ಮಾಡಿನ ಮೇಲೆ ಹನಿ ಬೀಳುವುದಿಲ್ಲ, ಗೋಡೆಗೆ ಬೆಳಕು ತಾಗುತ್ತದೆ. ಕಡಿದ ಸೊಪ್ಪು ತೋಟಕ್ಕೆ ಹೋಗುತ್ತದೆ. ದ್ವಿದಳ ಜಾತಿಯ ಮರವಾದ್ದರಿಂದ ಅದರ ಸೊಪ್ಪು ಸಾರಜನಕದ ಗೊಬ್ಬರ. ಮುಂದಿನ ಬೇಸಿಗೆಯ ಹೊತ್ತಿಗೆ ಕಡಿದಲ್ಲೆಲ್ಲ ಚಿಗುರಿ ಮತ್ತೆ ನೆರಳಾಗುತ್ತದೆ. ಹಲಸನ್ನು ಹೀಗೆ ವರ್ಷ ವರ್ಷ ಸವರಿದರೆ ಫಲದ ಆಸೆ ಬಿಡಬೇಕು. ಹೊಂಗೆಯ ಒಂದು ದೋಷವೆಂದರೆ ಬೇರಿನಿಂದ ಅಲ್ಲಲ್ಲಿ ಸಸಿ ಏಳುವುದು. ಬಾವಿಕಟ್ಟೆಯ ಹತ್ತಿರ ನೆಡಬಾರದು.

ರೆಂಜೆ ಬಹಳ ನಿಧಾನದ ಮರ. ಬಕುಲ ಎಂದರೂ ಇದೇ. ನೆಟ್ಟವರು ನೆರಳಿಗಾಗಿ ಹತ್ತು ವರ್ಷ ಕಾಯಲು ಸಿದ್ಧರಿರಬೇಕು. ಕಾದವರಿಗೆ ಸಿಗುವುದು ಅಚ್ಚುಕಟ್ಟಾದ ಗುಂಡು ತಲೆ, ಗಾಳಿಗೆ ಬಗ್ಗದ ಗಟ್ಟಿ ಕಾಂಡ, ಸಣ್ಣ ಅಂಗಳಕ್ಕೂ ಹೊಂದುವ ಮೈಕಟ್ಟು. ಹೂ ಬೆಳಗಿನ ಜಾವಕ್ಕೆ ಉದುರಿರುತ್ತದೆ. ಅದರ ನಡುವೆ ತೂತು ಇರುವುದರಿಂದ ಸೂಜಿ ಬೇಕಿಲ್ಲ, ಬಾಳೆನಾರು ತೂರಿಸುತ್ತ ಹೋದರೆ ಮಾಲೆಯಾಗುತ್ತದೆ. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಅಮ್ಮ ಅದನ್ನು ಸೀರೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮಳೆಗಾಲದಲ್ಲಿ ಇದೂ ದಟ್ಟವೇ, ಆದರೆ ಹಲಸಿನಷ್ಟು ಹರಡಿಕೊಳ್ಳುವುದಿಲ್ಲವಾದ್ದರಿಂದ 15 ಅಡಿ ದೂರ ಬಿಟ್ಟರೆ ಗೋಡೆಗೆ ತೊಂದರೆಯಿಲ್ಲ.

ಬೇವನ್ನು ಯಾಕೆ ಸೇರಿಸಲಿಲ್ಲ ಎಂದು ಶಿವಮೊಗ್ಗದಲ್ಲಿರುವ ಅಕ್ಕ ಕೇಳುತ್ತಾಳೆ. ಅವಳ ಮನೆಯ ಮುಂದೆ ಬೇವು ಸೊಗಸಾಗಿದೆ, ಅಲ್ಲಿನ ಮಳೆಗೆ ಅದು ಸರಿ. ಆದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದೂ ಅದೇ ಜಿಲ್ಲೆಯಲ್ಲೇ. ಘಟ್ಟದ ಅಂಚಿಗೆ ಹತ್ತಿರವಾದಷ್ಟೂ ಬೇವು ಕೊರಗುತ್ತದೆ.

ಇನ್ನು ಜಾಗ. ಇದು ಜಾತಿಯಷ್ಟೇ ಮುಖ್ಯ. ಏಪ್ರಿಲ್-ಮೇ ತಿಂಗಳ ಇಳಿಹೊತ್ತಿನ ಬಿಸಿಲು ಪಶ್ಚಿಮದಿಂದ ಕೊಂಚ ಉತ್ತರಕ್ಕೆ ವಾಲಿ ಬರುತ್ತದೆ. ಮಳೆಗಾಲದ ಗಾಳಿ ಬರುವುದು ನೈಋತ್ಯದಿಂದ. ಹಾಗಾಗಿ ಮನೆಯ ನೈಋತ್ಯದಲ್ಲಿರುವ ಮರ ಬಿದ್ದರೆ ಮನೆಯ ಮೇಲೆಯೇ ಬೀಳುತ್ತದೆ, ವಾಯವ್ಯದಲ್ಲಿರುವುದು ಮನೆಯನ್ನು ಬಿಟ್ಟು ಅತ್ತ ಬೀಳುತ್ತದೆ. ಏಪ್ರಿಲ್ ತಿಂಗಳ ಗುಡುಗು ಮಳೆಯ ಗಾಳಿಗೆ ಮಾತ್ರ ದಿಕ್ಕಿನ ನೇಮವಿಲ್ಲ. ದಕ್ಷಿಣಕ್ಕಂತೂ ಎತ್ತರದ ಮರ ಬೇಡವೇ ಬೇಡ. ಡಿಸೆಂಬರ್ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. 30 ಅಡಿಯ ಮರ ನಡುಮಧ್ಯಾಹ್ನದಲ್ಲೇ ಸುಮಾರು 23 ಅಡಿ ನೆರಳನ್ನು ಉತ್ತರಕ್ಕೆ ಚೆಲ್ಲುತ್ತದೆ. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿರುವ ಕಾಲದಲ್ಲಿ ಆ ನೆರಳು ನೇರ ನಷ್ಟ.

ನಮ್ಮ ಮನೆಯಲ್ಲಿ ಈಗ ಪಶ್ಚಿಮಕ್ಕೆ ಹೊಂಗೆ, ವಾಯವ್ಯದ ಮೂಲೆಯಲ್ಲಿ ಎಳೆಯ ರೆಂಜೆ, ಹಲಸು ಕೊಟ್ಟಿಗೆಯ ಆಚೆಯ ಇಳಿಜಾರಿನಲ್ಲಿ. ಹೊಸದಾಗಿ ನೆಡುವವರು ಹೊಂಗೆ, ರೆಂಜೆ ಎರಡನ್ನೂ ಒಟ್ಟಿಗೆ ಹಾಕಿಬಿಡಿ. ರೆಂಜೆ ಮೇಲೇಳುವವರೆಗೆ ಹೊಂಗೆ ನೆರಳು ಕೊಡುತ್ತದೆ. ಮೃಗಶಿರಾ ಮಳೆ ಹಿಡಿದ ಮೇಲೆ ನೆಟ್ಟು, ಬುಡವನ್ನು ಸುತ್ತಲಿನ ನೆಲಕ್ಕಿಂತ ತುಸು ಏರಿಸಿ ಮಣ್ಣು ಕೊಡಿ. ರೆಂಜೆಗೆ ದನದ ಬಾಯಿ ತಾಗದಷ್ಟು ಎತ್ತರ ಬರುವವರೆಗೆ ಬೇಲಿ ಬೇಕೇಬೇಕು. ತುದಿ ಒಮ್ಮೆ ಮುರಿದರೆ ಅದು ಸುಧಾರಿಸಿಕೊಳ್ಳುವುದಕ್ಕೆ ಇನ್ನೊಂದು ವರ್ಷ ಹಿಡಿಯುತ್ತದೆ.