ಒಂಟಿಯಾಗಿಯೋ, ಪಾಲುದಾರರ ಜೊತೆಗೋ: ಪಾಲ್ ರ‍್ಯಾಂಡ್, ಪೌಲಾ ಶೇರ್

ಗ್ರಾಫಿಕ್ ಡಿಸೈನ್ ಕಲಿತು, ಸ್ವತಂತ್ರವಾಗಿ ದುಡಿಯಲೋ ಸ್ಟುಡಿಯೋ ಸೇರಲೋ ಎಂಬ ಗೊಂದಲದಲ್ಲಿರುವವರು ಅಮೆರಿಕದ ಈ ಇಬ್ಬರು ಡಿಸೈನರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ರ‍್ಯಾಂಡ್ ಜಾಹೀರಾತು ಏಜೆನ್ಸಿ ಬಿಟ್ಟ ಮೇಲೆ ಹೆಚ್ಚಾಗಿ ಕನೆಕ್ಟಿಕಟ್‌ನ ಮನೆಯಿಂದಲೇ ಕೆಲಸ ಮಾಡಿದರು. ಗ್ರಾಹಕರು ಕೆಲವರೇ, ಸಂಬಂಧ ಮಾತ್ರ ದಶಕಗಳದ್ದು. ಐಬಿಎಂಗೆ 1956ರಲ್ಲಿ ಲೋಗೊ ಮಾಡಿದವರೇ 1972ರಲ್ಲಿ ಅದಕ್ಕೆ ಎಂಟು ಪಟ್ಟೆಗಳ ರೂಪ ಕೊಟ್ಟರು. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ಹೊಸ ಕಂಪ್ಯೂಟರ್ ಕಂಪನಿ ನೆಕ್ಸ್ಟ್‌ಗೆ ಲೋಗೊದ ಕೆಲವು ಆಯ್ಕೆಗಳನ್ನು ಕೇಳಿದಾಗ ರ‍್ಯಾಂಡ್ ಒಪ್ಪಲಿಲ್ಲ: ಒಂದೇ ಪರಿಹಾರ, ಬಳಸಿದರೂ ಬಿಟ್ಟರೂ ಹಣ ಕೊಡಬೇಕು. ಸಂಭಾವನೆ 1 ಲಕ್ಷ ಡಾಲರ್. ಈ ಕತೆಯನ್ನು ಹೇಳುವವರು ಮುಖ್ಯವಾದದ್ದನ್ನೇ ಮರೆಯುತ್ತಾರೆ. ಲೋಗೊದ ಹಿಂದಿನ ತರ್ಕವನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸುವ ಪುಸ್ತಿಕೆಯನ್ನೂ ಅವರು ಕೊಟ್ಟಿದ್ದರು. ಆಗ ಅವರಿಗೆ 70 ದಾಟಿತ್ತು.

ಶೇರ್ ದಾರಿ ಬೇರೆ. 1970ರ ದಶಕದಲ್ಲಿ ಸಿಬಿಎಸ್ ರೆಕಾರ್ಡ್ಸ್‌ನಲ್ಲಿ ಆಲ್ಬಂ ಹೊದಿಕೆಗಳನ್ನು ಒಂದರ ಮೇಲೊಂದು ಮಾಡುತ್ತಾ ಕೈ ಪಳಗಿತು. 1991ರಲ್ಲಿ ಪೆಂಟಾಗ್ರಾಂ ಎಂಬ ಡಿಸೈನ್ ಸ್ಟುಡಿಯೋದ ಪಾಲುದಾರರಾದರು. ಅಲ್ಲಿ ಪ್ರತಿ ಪಾಲುದಾರರಿಗೂ ತಮ್ಮದೇ ತಂಡ, ಹೆಸರಿನ ಬಲ ಮಾತ್ರ ಎಲ್ಲರದ್ದು. ಹಾಗಾಗಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರ್‌ನಂಥ ಸಾಂಸ್ಕೃತಿಕ ಸಂಸ್ಥೆಯ ಕೆಲಸವೂ ಬ್ಯಾಂಕಿನ ಕೆಲಸವೂ ಜೊತೆಜೊತೆಗೆ ಸಾಗಿದವು. ಸಿಟಿ ಬ್ಯಾಂಕಿನ ಲೋಗೊವನ್ನು ಮೊದಲ ಸಭೆಯಲ್ಲೇ ಕಾಗದದ ಕರವಸ್ತ್ರದ ಮೇಲೆ ಗೀಚಿದರು. ಅದನ್ನು ಎಲ್ಲರಿಂದ ಒಪ್ಪಿಸಲು ಹಿಡಿದ ಕಾಲ ಬಲು ದೀರ್ಘ.

ಈಗಷ್ಟೇ ಶುರು ಮಾಡುವವರಿಗೆ ನಾನು ಶೇರ್ ದಾರಿಯನ್ನೇ ಹೇಳುತ್ತೇನೆ: ಬಗೆಬಗೆಯ ಕೆಲಸ, ತಿದ್ದುವ ಹಿರಿಯರು, ತಿಂಗಳ ಸಂಬಳ. ಬರೆದು ವಾದಿಸಬಲ್ಲವರು, ಗ್ರಾಹಕರ ನಂಬಿಕೆ ಗಳಿಸಿದವರು ರ‍್ಯಾಂಡ್ ದಾರಿ ಹಿಡಿಯಬಹುದು.