ಪಲ್ಲೇಡಿಯಂ ಯಾವುದು ಹಾಕಲಿ? ಸುಜುಕಿ ಮಾಡುವವರಿಗೆ ನನ್ನ ಹೋಲಿಕೆ

ವಿಜಯಪುರದ ನಮ್ಮ ಲ್ಯಾಬ್‌ನಲ್ಲಿ ಜೂನಿಯರ್‌ಗಳು ಪದೇಪದೇ ಕೇಳುವ ಪ್ರಶ್ನೆ ಇದು. ಸುಜುಕಿ ಅಂದರೆ ಅರೈಲ್ (ಬೆಂಜೀನ್‌ನಂಥ ಉಂಗುರ) ಬ್ರೋಮೈಡ್ ಅಥವಾ ಕ್ಲೋರೈಡನ್ನು ಬೋರೋನಿಕ್ ಆಸಿಡ್ ಜೊತೆ ಪಲ್ಲೇಡಿಯಂ ವೇಗವರ್ಧಕದಿಂದ ಜೋಡಿಸುವ ಕ್ರಿಯೆ. ಅಸಲಿಗೆ ಬಾಟಲಿಯಲ್ಲಿರುವ ವಸ್ತು ಹಾಗೆಯೇ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ಒಂದೋ ಎರಡೋ ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಳ್ಳುವ ಅಣು) ಮಾತ್ರ ಹಿಡಿದಿರುವ ಪಲ್ಲೇಡಿಯಂ ಸೊನ್ನೆ, ಅಂದರೆ ಆಕ್ಸಿಡೇಶನ್ ಸ್ಥಿತಿ ಸೊನ್ನೆಯಿರುವ ಪಲ್ಲೇಡಿಯಂ. ಫ್ಲಾಸ್ಕಿನೊಳಗೆ ಅದು ಹೇಗೆ ಹುಟ್ಟುತ್ತದೆ ಅನ್ನುವುದನ್ನೇ ನಾನು ನೋಡುತ್ತೇನೆ.

ಟೆಟ್ರಾಕಿಸ್ (ನಾಲ್ಕು ಟ್ರೈಫಿನೈಲ್‌ಫಾಸ್ಫೀನ್ ಲಿಗ್ಯಾಂಡ್ ಹಿಡಿದ ಪಲ್ಲೇಡಿಯಂ) ಮೊದಲೇ ಸೊನ್ನೆ ಸ್ಥಿತಿಯಲ್ಲಿದೆ. ದ್ರಾವಣದಲ್ಲಿ ಎರಡು ಫಾಸ್ಫೀನ್ ಕಳಚಿದರೆ ಸಾಕು. ಕೇಳೋಕೆ ಚೆಂದ. ಆದರೆ ಅದಕ್ಕೆ ಗಾಳಿ ಆಗಲ್ಲ, ಬಿಸಿ ಆಗಲ್ಲ. ನಮ್ಮ ಬೇಸಿಗೆ 40 ಡಿಗ್ರಿ, ಮೇಲೆ ಕರೆಂಟ್ ಹೋದರೆ ಫ್ರಿಜ್ಜೂ ಇಲ್ಲ. ಹಳದಿ ಪುಡಿ ಕಂದು ತಿರುಗಿದರೆ ಮುಗೀತು. ತೂಕದಲ್ಲಿ ಪಲ್ಲೇಡಿಯಂ ಇರುವುದೂ ಶೇ. 9ರಷ್ಟೇ. ಉಳಿದ ಫಾಸ್ಫೀನ್ ಶುದ್ಧ ಮಾಡುವ ಕಾಲಮ್‌ನಲ್ಲಿ ಪ್ರಾಣ ತಿನ್ನುತ್ತದೆ.

ನನ್ನ ಓಟು ಪಲ್ಲೇಡಿಯಂ ಅಸಿಟೇಟ್‌ಗೆ. ಇದರಲ್ಲಿ ಲೋಹ ಶೇ. 47, ಕಪಾಟಿನಲ್ಲಿ ಸುಮ್ನೆ ಇಟ್ಟರೂ ಕೆಡುವುದಿಲ್ಲ. ಇದು ಪಲ್ಲೇಡಿಯಂ ಎರಡು, ಸೊನ್ನೆಗೆ ಇಳಿಸಬೇಕು. ಇಳಿಸುವುದು ನಾವು ಹಾಕಿದ ಟ್ರೈಫಿನೈಲ್‌ಫಾಸ್ಫೀನೇ. ಅದು ತಾನು ಆಕ್ಸೈಡ್ ಆಗಿ ಪಲ್ಲೇಡಿಯಂಗೆ ಎರಡು ಎಲೆಕ್ಟ್ರಾನ್ ಕೊಡುತ್ತದೆ. 1992ರಲ್ಲಿ ಅಮಾಟೋರ್, ಜುಟಾಂಡ್ ಮತ್ತು ಜೊತೆಗಾರರು ಇದನ್ನು ತೋರಿಸಿದರು. ಲೆಕ್ಕ ಇಲ್ಲೇ ತಪ್ಪುವುದು: ಒಂದು ಪಲ್ಲೇಡಿಯಂಗೆ ಎರಡೇ ಫಾಸ್ಫೀನ್ ಹಾಕಿದರೆ, ಒಂದು ಈ ಕೆಲಸಕ್ಕೇ ಖರ್ಚಾಗಿ ಒಂದೇ ಉಳಿಯುತ್ತದೆ. ಆಗ ಪಲ್ಲೇಡಿಯಂ ಕಪ್ಪಾಗಿ ತಳ ಸೇರುವ ಸಾಧ್ಯತೆ ಜಾಸ್ತಿ. ನಾನು ಮೂರು ಹಾಕುತ್ತೇನೆ. ಆರ್ಗಾನ್ ಹಾಯಿಸಿದ ಸಾಲ್ವೆಂಟ್‌ನಲ್ಲಿ ಎರಡನ್ನೂ ಮೊದಲು ಬೇರೆಯಾಗಿ ಕಲಕಿ, ಆಮೇಲೆ ಬ್ರೋಮೈಡ್ ಸೇರಿಸುತ್ತೇನೆ. ಫಾಸ್ಫರಸ್ ಎನ್‌ಎಂಆರ್‌ಗೆ (ಫಾಸ್ಫರಸ್ ಯಾವ ರೂಪದಲ್ಲಿದೆ ಎಂದು ತೋರಿಸುವ ಪರೀಕ್ಷೆ) ಕಳಿಸಿದರೆ 25ರಿಂದ 30 ಪಿಪಿಎಂ ನಡುವೆ ಆಕ್ಸೈಡ್ ಕಾಣುತ್ತದೆ. ಆದರೆ ಗಾಳಿ ನುಗ್ಗಿದ್ದರೂ ಅದೇ ಪೀಕ್ ಬರುತ್ತದಲ್ವಾ, ಅದನ್ನೊಂದೇ ನಂಬಬೇಡಿ.

ಡಿಪಿಪಿಎಫ್ ಡೈಕ್ಲೋರೈಡ್ (ಡಿಪಿಪಿಎಫ್ ಎಂಬ ಜೋಡಿ ಫಾಸ್ಫೀನ್ ಹಿಡಿದ ಪಲ್ಲೇಡಿಯಂ ಎರಡು) ಕೂಡ ಗಾಳಿಗೆ ಹೆದರಲ್ಲ. ಇಲ್ಲಿ ಬೋರೋನಿಕ್ ಆಸಿಡ್‌ನ ಎರಡು ಅಣುಗಳೇ ತಲಾ ಒಂದು ಅರೈಲ್ ಗುಂಪು ಕೊಟ್ಟು ಪಲ್ಲೇಡಿಯಂ ಇಳಿಸಬಹುದು. ಆ ಎರಡೂ ಕೂಡಿಕೊಂಡು ಬೈಅರೈಲ್ ಆಗುತ್ತವೆ. ಟಿಎಲ್‌ಸಿಯಲ್ಲಿ (ಮಿಶ್ರಣವನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಪ್ಲೇಟ್) ಮೇಲೆ ಓಡುವ ಬೇಡದ ಚುಕ್ಕೆ ಬಹಳ ಸಲ ಅದೇ. ಅದಕ್ಕೇ ಬೋರೋನಿಕ್ ಆಸಿಡ್ ಸ್ವಲ್ಪ ಹೆಚ್ಚಿಗೆ ತೂಗುತ್ತೇನೆ.

ಎಕ್ಸ್‌ಫಾಸ್ ಎಂಬ ದೊಡ್ಡ ಫಾಸ್ಫೀನ್ ಹಿಡಿದ ಪಲ್ಲೇಡಿಯಂ, ಎಕ್ಸ್‌ಫಾಸ್ ಜಿ3ದು ಬೇರೆಯೇ ಲೆವೆಲ್, ಬೆಲೆಯೂ ಹಾಗೇ. ಅದಕ್ಕೆ ಪೊಟ್ಯಾಸಿಯಂ ಫಾಸ್ಫೇಟ್‌ನಂಥ ಸಾದಾ ಬೇಸ್ ಸಾಕು, ರೂಮಿನ ಬಿಸಿಯಲ್ಲೇ ಕಾರ್ಬಜೋಲ್ ಎಂಬ ಉಪ ಉತ್ಪನ್ನ ಕಳಚಿ ಪಲ್ಲೇಡಿಯಂ ಸೊನ್ನೆ ಸಿದ್ಧ. ಮೊಂಡ ಅರೈಲ್ ಕ್ಲೋರೈಡ್‌ಗಳಿಗೆಂದೇ ಅದನ್ನು ಎತ್ತಿಟ್ಟಿದ್ದೇನೆ. ಯುವಿ ಕೆಳಗೆ ಹೊಳೆಯುವ ಕಾರ್ಬಜೋಲ್ ಚುಕ್ಕೆಯನ್ನು ಪ್ರಾಡಕ್ಟ್ ಅಂದುಕೊಂಡು ಕುಣಿಯಬೇಡಿ, ಪಕ್ಕದಲ್ಲೇ ಶುದ್ಧ ಕಾರ್ಬಜೋಲ್ ಓಡಿಸಿ ನೋಡಿ.