ಶಿಕಾಗೋ ಲೆಕ್ಕವೋ, ಎಬಿಸಿ ಲೆಕ್ಕವೋ?

ಮಕ್ಕಳು ಓದು ಅರ್ಧಕ್ಕೆ ಬಿಡದಂತೆ ಶಾಲೆಯಲ್ಲೇ ಇರುವ ಹಾಜರಿ, ಅಂಕಗಳ ಲೆಕ್ಕ ನೋಡಿ ಯಾರು ಬಿಡಬಹುದು ಅಂತ ಮೊದಲೇ ಗುರುತಿಸಬೇಕು ಅಂತಿದ್ದರೆ, ಅಮೆರಿಕದಲ್ಲಿ ಪಳಗಿದ ಎರಡು ದಾರಿಗಳಿವೆ.

ಶಿಕಾಗೋದ್ದು ಸರಳ. ಒಂಬತ್ತನೇ ತರಗತಿ ಮುಗಿಯುವಷ್ಟರಲ್ಲಿ ಪೂರ್ತಿ ವರ್ಷದ 5 ಕ್ರೆಡಿಟ್ (ಪಾಸಾದ ವಿಷಯಕ್ಕೆ ಸಿಗುವ ಲೆಕ್ಕ) ಇರಬೇಕು, ಮುಖ್ಯ ವಿಷಯಗಳಲ್ಲಿ ಒಂದಕ್ಕಿಂತ ಜಾಸ್ತಿ ಸೆಮಿಸ್ಟರ್ ಎಫ್ (ಅರ್ಧ ವರ್ಷದ ಫೇಲ್) ಬಂದಿರಬಾರದು, ಅಷ್ಟೇ. ಇಷ್ಟು ಮಾಡಿದವರು ನಾಲ್ಕು ವರ್ಷದಲ್ಲಿ ಹೈಸ್ಕೂಲ್ (ಅಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿ) ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಅಂತ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲೇ ತೋರಿಸಿದರು.

ಎಬಿಸಿ ಅಂದರೆ ಹಾಜರಿ (ಅಟೆಂಡೆನ್ಸ್), ನಡತೆ (ಬಿಹೇವಿಯರ್), ಪಾಠ (ಕೋರ್ಸ್). ಶಿಕ್ಷಣ ಸಂಶೋಧಕ ರಾಬರ್ಟ್ ಬಾಲ್‌ಫಾಂಜ್ ಮತ್ತು ಜೊತೆಯವರು ಫಿಲಡೆಲ್ಫಿಯಾ ಮಕ್ಕಳ ದಾಖಲೆ ನೋಡಿ, ಆರನೇ ತರಗತಿಯಲ್ಲೇ ಸುಳಿವು ಸಿಗುತ್ತೆ ಅಂದರು: ಹಾಜರಿ 80%ಗಿಂತ ಕಡಿಮೆ, ಗಣಿತದಲ್ಲೋ ಇಂಗ್ಲಿಷಲ್ಲೋ ಫೇಲ್, ಇಲ್ಲವೇ ನಡತೆಯ ತಕರಾರು.

ಬರೀ ಹೈಸ್ಕೂಲ್ ಇದ್ದರೆ ಶಿಕಾಗೋದ್ದೇ ಸಾಕು. ಅಕ್ಟೋಬರ್‌ನಲ್ಲಿ ಬೀಜಗಣಿತದ ಮುಂದೆ ಎಫ್ ಕಂಡರೆ, ಆ ಮೇಷ್ಟ್ರು ಅದೇ ವಾರ ಮಗುವನ್ನು ಕೂರಿಸಿಕೊಂಡು ಹೇಳಿಕೊಡಬಹುದು, ಸೆಮಿಸ್ಟರ್ ಮುಗಿಯೋಕೆ ಇನ್ನೂ ಸಮಯ ಇರುತ್ತೆ ಅಲ್ವಾ. ಕೆಳಗಿನ ತರಗತಿಗಳೂ ಇದ್ದರೆ ಎಬಿಸಿ ಹಿಡಿಯಿರಿ. ಆದರೆ ನಡತೆಯ ಅಂಕಣವನ್ನು ಸುಮ್ನೆ ನಂಬಬೇಡಿ, ಅದು ಬರೆಯೋ ಮೇಷ್ಟ್ರಿಗೆ ತಕ್ಕಂತೆ ಬದಲಾಗುತ್ತೆ. ಮೊದಲು ಹಾಜರಿ ನೋಡಿ.